ಎರೆಹುಳಗಳನ್ನು ತೂಗಿದ ಮಳೆಗಾಲ

ಮೊನ್ನೆ ಮಾಣಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಳೆ ಆಗಷ್ಟೇ ಬಂದು ನಿಂತಿತ್ತು. ಹೆದ್ದಾರಿ ಅಗಲ ಮಾಡುವವರ ಜೆಸಿಬಿ ರಸ್ತೆಯಂಚಿನ ಮಣ್ಣನ್ನು ಮಗುಚಿ ಮಗುಚಿ ಹಾಕುತ್ತಿತ್ತು. ಹಾಗೆ ಆಳದಿಂದ ಎತ್ತಿ ಹಾಕಿದ ಹಸಿಮಣ್ಣಿಗೆ ಒಂದು ವಾಸನೆ ಇರುತ್ತದೆ. ಮೊದಲ ಮಳೆಯ ಘಮಕ್ಕಿಂತ ಅದು ಬೇರೆ. ಅದರಲ್ಲಿ ಕೊಳೆತ ಬೇರು, ಹುಳ, ನೀರು ಎಲ್ಲವೂ ಸೇರಿರುತ್ತದೆ. ಪಕ್ಕದಲ್ಲಿ ನಿಂತ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಆ ವಾಸನೆ ನನ್ನನ್ನು ತೊಂಬತ್ತೊಂಬತ್ತರ ಮಳೆಗಾಲಕ್ಕೆ ಕರೆದುಕೊಂಡು ಹೋಗಿ ಅಲ್ಲೇ ನಿಲ್ಲಿಸಿಬಿಟ್ಟಿತ್ತು.

ಆ ವರ್ಷ ಜೂನ್‌ನಲ್ಲಿ ನನಗೆ ಶಿರ್ತಾಡಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಕೆಲಸ ಸಿಕ್ಕಿತು. ಅದು ನನ್ನ ಮೊದಲ ಕೆಲಸ. ನಮ್ಮ ಮನೆ ಬಂಟ್ವಾಳದಲ್ಲಿ, ಅಪ್ಪನ ಬಟ್ಟೆ ಅಂಗಡಿಯೂ ಅಲ್ಲಿಯೇ. ಅಣ್ಣ ಸೌದಿಯ ದಮ್ಮಾಮಿನಲ್ಲಿದ್ದ. ನಮ್ಮ ಮನೆತನದಲ್ಲಿ ಬಿ.ಎಡ್. ಮಾಡಿದ ಮೊದಲ ಹೆಣ್ಣು ನಾನು. ಅಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಅವರು ಕೇಳದಿದ್ದರೂ, "ನನ್ನ ಮಗಳು ಸೈನ್ಸ್ ಟೀಚರ್" ಎಂದು ಹೇಳುತ್ತಿದ್ದರು. ನಾನು ಮೂಡುಬಿದಿರೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಿರ್ತಾಡಿಗೆ ಹೋಗುತ್ತಿದ್ದೆ.

ಒಂಬತ್ತನೆಯ ತರಗತಿಯಲ್ಲಿ ಗುಲಾಬಿ ಎಂಬ ಹುಡುಗಿ ಇದ್ದಳು. ಕಡ್ಡಿಯಂಥ ಕೈಕಾಲು, ಎಣ್ಣೆ ಹಾಕಿ ಬಿಗಿದು ಕಟ್ಟಿದ ಎರಡು ಜಡೆ. ಅಮ್ಮ ಬೀಡಿ ಕಟ್ಟುತ್ತಿದ್ದರು, ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಅಡುಗೆಗಿದ್ದರು. ಮನೆಯಲ್ಲಿ ಅಜ್ಜಿ, ಒಬ್ಬ ತಮ್ಮ, ಒಂದು ಎಮ್ಮೆ ಮತ್ತು ಅರ್ಧ ಎಕರೆ ಜಾಗ. ಅವಳಿಗೆ ಕನ್ನಡ ಕಷ್ಟ. ಒಂದು ವಾಕ್ಯ ಹೇಳಬೇಕಾದರೆ ಮೊದಲು ಮನಸ್ಸಿನಲ್ಲೇ ತುಳುವಿನಲ್ಲಿ ಹೇಳಿಕೊಂಡು, ಮತ್ತೆ ಒಂದೊಂದೇ ಶಬ್ದ ಹೊರಗೆ ಇಡುತ್ತಿದ್ದಳು. ಅಷ್ಟರಲ್ಲಿ ಉಳಿದ ಮಕ್ಕಳು ನಗಲು ಶುರುಮಾಡಿರುತ್ತಿದ್ದರು. ಆದರೂ ಅವಳು ಕೈ ಎತ್ತುವುದನ್ನು ಬಿಡುತ್ತಿರಲಿಲ್ಲ.

ಜುಲೈಯಲ್ಲಿ ಒಂದು ದಿನ, ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ನೀಲಿ ತಿಮಿಂಗಿಲ ಎಂದು ಪಾಠ ಮಾಡುತ್ತಿದ್ದೆ. ಹೊರಗೆ ಧೋ ಎಂದು ಮಳೆ. ಹಂಚಿನ ಮಾಡಿನ ಸದ್ದಿಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಗುಲಾಬಿ ಕೈ ಎತ್ತಿದಳು.

"ಟೀಚರ್, ಅದು ಒಂದು ತಿಮಿಂಗಿಲ. ಎಲ್ಲವನ್ನೂ ಸೇರಿಸಿ ತೂಗಿದರೆ?"

"ಎಲ್ಲ ಅಂದರೆ?"

"ಭೂಮಿಯಲ್ಲಿರುವ ಎಲ್ಲ ತಿಮಿಂಗಿಲ ಒಂದು ಕಡೆ. ಎಲ್ಲ ಇರುವೆ ಒಂದು ಕಡೆ. ಎಲ್ಲ ಮನುಷ್ಯರು ಒಂದು ಕಡೆ. ಆಗ ಯಾವುದು ಜಾಸ್ತಿ ಭಾರ ಉಂಟು?"

ತರಗತಿ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಹೊಸ ಟೀಚರಿಗೆ ಗೊತ್ತಿಲ್ಲ ಎನ್ನಲು ಧೈರ್ಯ ಬೇಕು. ಆ ದಿನ ಹೇಗೋ ಬಂತು. "ನನಗೆ ಗೊತ್ತಿಲ್ಲ ಗುಲಾಬಿ. ಇಡೀ ಭೂಮಿಯನ್ನು ತೂಗಲಿಕ್ಕೆ ನಮ್ಮಿಂದ ಆಗುವುದಿಲ್ಲ. ನಿಮ್ಮ ಜಾಗವನ್ನು ತೂಗುವ, ಆದೀತಾ?" ಎಂದೆ. ಅವಳ ಮುಖ ಹೇಗಾಯಿತೆಂದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಯಾರೋ ಅವಳ ಕೈಯಿಂದ ಭಾರವೊಂದನ್ನು ಇಳಿಸಿಕೊಂಡ ಹಾಗೆ.

ಹಾಗೆ ಶುರುವಾಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನೂ ಅವಳೂ ಅವಳ ಮನೆಗೆ ನಡೆಯುತ್ತಿದ್ದೆವು. ಪ್ರಯೋಗಶಾಲೆಯ ಸಣ್ಣ ತಕ್ಕಡಿಯನ್ನು ನಾನು ಕೊಡೆಯ ಕೆಳಗೆ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಿರುತ್ತಿದ್ದೆ. ಗದ್ದೆಯಲ್ಲಿ, ಹುಣಿ ಎನ್ನುವ ಬದುವಿನ ಮೇಲೆ, ತೆಂಗಿನ ಬುಡದಲ್ಲಿ, ಎಮ್ಮೆಯ ಹಟ್ಟಿಯ ಹಿಂದೆ, ಒಂದೊಂದು ಕಡೆ ಒಂದಡಿ ಉದ್ದ ಒಂದಡಿ ಅಗಲ ಗುರುತು ಮಾಡಿ ಮಣ್ಣು ಅಗೆಯುವುದು. ಆ ಮಣ್ಣನ್ನು ಬೆರಳಿನಲ್ಲಿ ಬಿಡಿಸಿ, ಸಿಕ್ಕಿದ ಎರೆಹುಳಗಳನ್ನು ತೊಳೆದು, ತೂಗಿ, ತಿರುಗಿ ಅಲ್ಲಿಯೇ ಬಿಡುವುದು. ಮತ್ತೆ ಅದನ್ನು ಇಡೀ ಜಾಗಕ್ಕೆ ಗುಣಿಸುವುದು. ಮೊದಲ ದಿನ ನಾನು ಹುಳ ಮುಟ್ಟಲು ಹೇಸಿದೆ. ಅವಳು ಏನೂ ಹೇಳದೆ ನನ್ನ ಪಾಲಿನ ಮಣ್ಣನ್ನೂ ತನ್ನತ್ತ ಎಳೆದುಕೊಂಡಳು. ಮೂರನೆಯ ವಾರ ನಾನೂ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಕೂತಿದ್ದೆ.

ಇರುವೆಗಳು ನಮಗೆ ಸಾಕುಬೇಕು ಮಾಡಿದವು. ನೂರು ಇರುವೆ ಹಿಡಿದು ತಟ್ಟೆಗೆ ಹಾಕಿದರೆ ಮುಳ್ಳು ಅಲ್ಲಾಡಲೇ ಇಲ್ಲ. "ಸಾವಿರ ಹಾಕುವ ಟೀಚರ್" ಎಂದಳು. ಎರಡು ಶನಿವಾರ ಅದಕ್ಕೇ ಹೋಯಿತು. ಕಪ್ಪೆಗಳನ್ನು ಬಟ್ಟೆಚೀಲದಲ್ಲಿ ಹಾಕಿ ತೂಗಿದೆವು. ಬಸವನಹುಳಗಳನ್ನು ತೂಗುವಾಗ ಅವು ತಟ್ಟೆಯಿಂದ ಹರಿದು ಹೊರಟುಬಿಡುತ್ತಿದ್ದವು. ಶಾಲೆಯ ಹತ್ತಿರದ ಪಶು ಡಾಕ್ಟರು ಎಮ್ಮೆಯ ಎದೆಯ ಸುತ್ತಳತೆಯಿಂದ ಅದರ ತೂಕವನ್ನು ಅಂದಾಜು ಮಾಡುವುದು ಹೇಗೆಂದು ತೋರಿಸಿಕೊಟ್ಟರು. ಮನುಷ್ಯರನ್ನು ಮಾತ್ರ ಸೊಸೈಟಿಯಲ್ಲಿ ಅಡಿಕೆ ತೂಗುವ ದೊಡ್ಡ ತಕ್ಕಡಿಗೆ ಹತ್ತಿಸಬೇಕಾಯಿತು. ಅಜ್ಜಿ ಸುತರಾಂ ಒಪ್ಪಲಿಲ್ಲ.

"ಯಾನ್ ಎರ್ಮೆಯಾ?" ಎಂದು ಕೇಳಿದರು. ನಾನು ಎಮ್ಮೆಯಾ ಎಂದು.

"ಎಮ್ಮೆಯನ್ನು ಟೇಪಿನಲ್ಲಿ ಅಳೆದದ್ದು, ಅಜ್ಜಿ. ನಿಮಗೆ ತಕ್ಕಡಿ. ನಿಮಗೇ ಮರ್ಯಾದೆ ಜಾಸ್ತಿ" ಎಂದಳು ಗುಲಾಬಿ. ಅಜ್ಜಿ ನಕ್ಕು ಹತ್ತಿದರು.

ಮುಂಬೈಯ ಅಪ್ಪನನ್ನೂ ಲೆಕ್ಕಕ್ಕೆ ಸೇರಿಸುವ ಅಲ್ಲವಾ ಎಂದು ನಾನು ಕೇಳಿದ್ದಕ್ಕೆ ಗುಲಾಬಿ, "ಬೇಡ ಟೀಚರ್. ಅವರು ಈ ಮಣ್ಣಿನ ಮೇಲೆ ಇಲ್ಲವಲ್ಲ" ಎಂದಳು. ಜಾಗದ ಮೂಲೆಯಲ್ಲಿ ಒಂದು ಹುತ್ತವಿತ್ತು. ಅದರೊಳಗಿನ ಗೆದ್ದಲನ್ನು ತೂಗಬೇಕಾದರೆ ಒಡೆಯಬೇಕು. ಅಜ್ಜಿ ಕೈಮುಗಿದು ಬೇಡವೆಂದರು. ಗುಲಾಬಿ ತನ್ನ ನೋಟುಪುಸ್ತಕದಲ್ಲಿ ಹೀಗೆ ಬರೆದಳು: "ಹುತ್ತ: ತೂಗಲಿಲ್ಲ. ಅಜ್ಜಿ ಬಿಡಲಿಲ್ಲ." ಕಲಿತವರ ಎಷ್ಟೋ ವರದಿಗಳನ್ನು ಆಮೇಲೆ ನಾನು ಓದಿದ್ದೇನೆ. ಗೊತ್ತಿಲ್ಲದ್ದನ್ನು ಇಷ್ಟು ನೇರವಾಗಿ ಬರೆದದ್ದು ನೋಡಿಲ್ಲ.

ಸೆಪ್ಟೆಂಬರಿನಲ್ಲಿ ಲೆಕ್ಕ ಮುಗಿಯಿತು. ಅವರ ಮನೆಯ ಜಗಲಿಯಲ್ಲಿ ಕೂತು ಕೂಡಿಸಿದೆವು. ಎಲ್ಲಕ್ಕಿಂತ ಭಾರ ಎಮ್ಮೆ. ಅದರ ನಂತರ ಮಣ್ಣಿನೊಳಗಿನ ಎರೆಹುಳಗಳು. ಆ ಮನೆಯ ನಾಲ್ಕು ಜನರನ್ನು ಒಟ್ಟು ಸೇರಿಸಿದರೂ ಹುಳಗಳಷ್ಟು ತೂಗುತ್ತಿರಲಿಲ್ಲ. ನಾನು ಖುಷಿಯಿಂದ ಚಪ್ಪಾಳೆ ತಟ್ಟಿದೆ. ಗುಲಾಬಿ ಮಾತ್ರ ಪುಸ್ತಕವನ್ನೇ ನೋಡುತ್ತ ಕೂತಿದ್ದಳು.

"ಟೀಚರ್, ಇದನ್ನು ನೋಡಿ. ಕೀರಿ, ಅಳಿಲು, ಬಾವಲಿ, ಹಕ್ಕಿ. ಇವುಗಳ ಲೆಕ್ಕ ನಾವು ಅಂದಾಜಿನಲ್ಲಿ ಜಾಸ್ತಿಯೇ ಹಾಕಿದ್ದೇವೆ. ಆದರೂ ಎಲ್ಲ ಸೇರಿ ನಮ್ಮ ಎಮ್ಮೆಯ ಒಂದು ಕಾಲಿನಷ್ಟೂ ಇಲ್ಲ."

"ಹೌದಲ್ಲ."

"ಅಂದರೆ ಇಲ್ಲಿ ನಾವು, ನಾವು ಸಾಕಿದ್ದು, ಮತ್ತೆ ಹುಳ. ಅಷ್ಟೇ ಇರುವುದು. ಕಾಡಿನದ್ದು ಇಲ್ಲವೇ ಇಲ್ಲ. ನಾವು ದಿನಾ ಅದನ್ನು ನೋಡ್ತೇವೆ, ಹಾಗಾಗಿ ಉಂಟು ಅಂತ ತಿಳ್ಕೊಳ್ತೇವೆ."

ಹದಿನಾಲ್ಕು ವರ್ಷದ ಹುಡುಗಿ ಆಡಿದ ಮಾತು ಅದು. ಎಷ್ಟೋ ವರ್ಷಗಳ ಮೇಲೆ, ವಿಜ್ಞಾನಿಗಳು ಇಡೀ ಭೂಮಿಯ ಜೀವಿಗಳ ತೂಕವನ್ನು ಅಂದಾಜು ಮಾಡಿದ ಸುದ್ದಿ ಓದಿದೆ. ಪ್ರಾಣಿಗಳಲ್ಲಿ ಕೀಟ-ಸಿಗಡಿಗಳ ಜಾತಿ ಮತ್ತು ಮೀನುಗಳು ಎಲ್ಲಕ್ಕಿಂತ ಭಾರವಂತೆ. ನಾವು ಸಾಕಿದ ದನ, ಎಮ್ಮೆ, ಹಂದಿಗಳ ಮುಂದೆ ಕಾಡಿನ ಪ್ರಾಣಿಗಳ ತೂಕ ಏನೇನೂ ಅಲ್ಲವಂತೆ. ಗುಲಾಬಿ ಹೇಳಿದ್ದೂ ಅದನ್ನೇ. ಆ ಜಗಲಿಯಲ್ಲಿ ನನಗೆ ಆದದ್ದು ಖುಷಿ ಮಾತ್ರ. ಅವಳು ಏನು ಹೇಳಿದಳೆಂದು ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ನನ್ನ ತಲೆಯಲ್ಲಿ ಆಗಲೇ ವಿಜ್ಞಾನ ಮೇಳ ಕೂತಿತ್ತು.

ಅಕ್ಟೋಬರಿನಲ್ಲಿ ಮೂಡುಬಿದಿರೆಯಲ್ಲಿ ವಲಯ ಮಟ್ಟದ ಮೇಳ ನಡೆಯಿತು. ಗುಲಾಬಿ ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಚಾರ್ಟಿನ ಪಕ್ಕ ನಿಂತಿದ್ದಳು. ಮೂವರು ತೀರ್ಪುಗಾರರು ಬಂದರು. ಹೆದರಿಕೆಗೆ ಅವಳ ನಾಲಿಗೆಯಿಂದ ಎರೆಹುಳ ಎಂಬ ಶಬ್ದವೇ ಹಾರಿಹೋಯಿತು. "ಸರ್, ನಕ್ಕುರು..." ಎಂದಳು. ತುಳುವಿನಲ್ಲಿ ಎರೆಹುಳಕ್ಕೆ ಹಾಗೆನ್ನುತ್ತಾರೆ. ತೀರ್ಪುಗಾರರಲ್ಲಿ ಒಬ್ಬರು, ಅವರೂ ತುಳುವರೇ, ಬಿದ್ದು ಬಿದ್ದು ನಕ್ಕರು. ಸುತ್ತ ನಿಂತವರೂ ನಕ್ಕರು. ಗುಲಾಬಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಮತ್ತೆ ಗಂಟಲು ಸರಿಮಾಡಿಕೊಂಡು, ತಡವರಿಸುತ್ತ, ಅರ್ಧ ತುಳು ಅರ್ಧ ಕನ್ನಡದಲ್ಲಿ, ಎಲ್ಲವನ್ನೂ ಕೊನೆಯವರೆಗೆ ಹೇಳಿದಳು. ನಮ್ಮ ಪ್ರಯೋಗ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಯಿತು.

ಜಿಲ್ಲಾ ಮೇಳ ಬಂಟ್ವಾಳದಲ್ಲಿ ಎಂದು ಗೊತ್ತಾದ ದಿನದಿಂದ ನನಗೆ ನಿದ್ದೆ ಇಲ್ಲ. ನನ್ನ ಊರು. ನನಗೆ ಕಲಿಸಿದ ಮೇಷ್ಟ್ರುಗಳು ಬರುತ್ತಾರೆ, ಅಪ್ಪ ಅಂಗಡಿ ಮುಚ್ಚಿ ಬರುತ್ತಾರೆ. ಅಲ್ಲಿ ಮತ್ತೆ ನಕ್ಕುರು, ಮತ್ತೆ ಆ ನಗು. ಹುಡುಗಿಯನ್ನು ಬದಲಿಸಿ ಎಂದು ಹೆಡ್‌ಮಾಸ್ಟರು ಒಂದು ಮಾತೂ ಹೇಳಿರಲಿಲ್ಲ. ತಪ್ಪನ್ನು ಅವರ ತಲೆಗೆ ಕಟ್ಟಿ ಹಗುರವಾಗಲು ನಾನು ಎಷ್ಟೋ ಸಲ ನೋಡಿದ್ದೇನೆ, ಆಗುವುದಿಲ್ಲ. ನಾನೇ ಅವರ ಕೋಣೆಗೆ ಹೋಗಿ, "ಸರ್, ಶ್ರೀಲತಾ ಮಾತಾಡಿದರೆ ಒಳ್ಳೆಯದು" ಎಂದೆ. ಶ್ರೀಲತಾ ಅದೇ ತರಗತಿಯವಳು, ಪೇಟೆಯ ಡಾಕ್ಟರರ ಮಗಳು. ಅವಳ ಕನ್ನಡ ನೀರು ಕುಡಿದ ಹಾಗೆ. ಒಂದು ಶಾಲೆಯಿಂದ ಒಬ್ಬರೇ ಎಂಬ ನಿಯಮವಿತ್ತು.

ಶ್ರೀಲತಾ ಒಳ್ಳೆಯ ಹುಡುಗಿ. "ಟೀಚರ್, ಮಾಡಿದ್ದು ಗುಲಾಬಿ ಅಲ್ಲವಾ? ಅವಳೇ ಹೇಳಲಿ" ಎಂದಳು. ನಾನು ಗದರಿಸಿದೆ. ಆಮೇಲೆ ಗುಲಾಬಿಯನ್ನು ಕರೆದೆ.

"ನೋಡು ಗುಲಾಬಿ, ಅಲ್ಲಿ ದೊಡ್ಡ ದೊಡ್ಡವರು ಬರುತ್ತಾರೆ. ನಿನಗೆ ಮಾತಾಡಲಿಕ್ಕೆ ಬರುವುದಿಲ್ಲ. ಪ್ರಯೋಗ ಗೆಲ್ಲುವುದು ಮುಖ್ಯ ಅಲ್ಲವಾ?"

"ಆಯಿತು ಟೀಚರ್" ಎಂದಳು.

ಒಂದು ವಾರ ದಿನಾ ಸಂಜೆ ಅವಳೇ ಶ್ರೀಲತಾಳಿಗೆ ಕಲಿಸಿದಳು. ಯಾವ ಸಂಖ್ಯೆ ಎಲ್ಲಿಂದ ಬಂತು, ಕಪ್ಪೆ ಹಿಡಿಯುವುದು ಹೇಗೆ, ಇರುವೆ ಯಾಕೆ ಸಾವಿರ ಬೇಕು. ನಾನು ಹೊಸ ಚಾರ್ಟು ಬರೆಸಿದೆ. ಅದರಲ್ಲಿ "ಅಜ್ಜಿ ಬಿಡಲಿಲ್ಲ" ಎಂಬುದನ್ನು ತೆಗೆದುಹಾಕಿ, "ತಾಂತ್ರಿಕ ಕಾರಣಗಳಿಂದ ಗೆದ್ದಲುಗಳನ್ನು ಪರಿಗಣಿಸಿಲ್ಲ" ಎಂದು ಬರೆಸಿದೆ.

ಮೇಳದ ದಿನ ನಾನೂ ಶ್ರೀಲತಾಳೂ ಬೆಳಿಗ್ಗೆಯೇ ಶಾಲೆಯಿಂದ ಸಾಮಾನು ಎತ್ತಿಕೊಂಡು ಹೋಗಿ ಮೇಜು ಜೋಡಿಸಿದೆವು. ಜೀವಂತ ಎರೆಹುಳಗಳ ಗಾಜಿನ ಪೆಟ್ಟಿಗೆ ಇಡುವಾಗ ನೋಡಿದರೆ ಹುಳಗಳೆಲ್ಲ ಸತ್ತು ಮೆತ್ತಗಾಗಿದ್ದವು. ಎರಡು ದಿನ ಅದನ್ನು ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ಬಿಸಿಲಿಗೆ ಇಟ್ಟಿದ್ದೆ. ಏನು ಮಾಡುವುದೆಂದು ತಲೆ ಕೆಟ್ಟು ನಿಂತಿರುವಾಗ ಸ್ವಯಂಸೇವಕನೊಬ್ಬ ಬಂದು, ಗೇಟಿನಲ್ಲಿ ಯಾರೋ ನಿಮ್ಮನ್ನು ಕೇಳುತ್ತಿದ್ದಾರೆ ಎಂದ.

ಗೇಟಿನ ಹೊರಗೆ ಗುಲಾಬಿ ನಿಂತಿದ್ದಳು. ಯೂನಿಫಾರ್ಮಿನ ಮೊಣಕಾಲ ಬಳಿ ಕೆಸರು. ಕೈಯಲ್ಲಿ ಬಾಳೆಎಲೆ ಮುಚ್ಚಿದ ಒಂದು ಹಳೆಯ ಹಾಲಿನಪುಡಿ ಡಬ್ಬ.

"ನಿನ್ನೆ ಸಂಜೆ ಕಿಟಕಿಯಲ್ಲಿ ನೋಡಿದೆ ಟೀಚರ್, ಹುಳ ಸತ್ತಿತ್ತು. ನೀವು ಹೋಗಿ ಆಗಿತ್ತು. ಬೆಳಿಗ್ಗೆ ಅಗೆದು ಮೊದಲ ಬಸ್ಸಿಗೆ ಬಂದೆ. ಹಟ್ಟಿಯ ಹಿಂದಿನವು, ಒಳ್ಳೆ ಉದ್ದ ಉಂಟು."

ನಾನು ಡಬ್ಬ ತೆಗೆದುಕೊಂಡೆ. ಅವಳು ಗೇಟಿನ ಸರಳು ಹಿಡಿದು ಒಳಗೆ ನೋಡಿದಳು. "ನಾನು ಒಂದು ಸಲ ನೋಡಿ ಹೋಗ್ಲಾ ಟೀಚರ್?"

ನಾನು ಒಂದು ಮಾತು ಹೇಳಿದ್ದರೆ ಆ ಸ್ವಯಂಸೇವಕ ಬಿಡುತ್ತಿದ್ದ. ಆದರೆ ಅಷ್ಟರಲ್ಲಿ ಅಪ್ಪ ನನ್ನ ಹಳೆಯ ಮೇಷ್ಟ್ರ ಜೊತೆ ಮಾತಾಡುತ್ತ ನಮ್ಮ ಕಡೆಗೇ ಬರುತ್ತಿದ್ದರು. ಆ ಕೆಸರಿನ ಮೊಣಕಾಲು ಅವರ ಕಣ್ಣಿಗೆ ಬೀಳುವುದು ನನಗೆ ಬೇಡವಾಗಿತ್ತು.

"ಬ್ಯಾಡ್ಜ್ ಇಲ್ಲದೆ ಬಿಡುವುದಿಲ್ಲ ಮಗಾ. ನೀನು ಮನೆಗೆ ಹೋಗು, ಈಗ ಬಸ್ಸು ಉಂಟು" ಎಂದೆ.

ಒಳಗೆ ಬಂದ ಮೇಲೆ ಅಪ್ಪ ಕೇಳಿದರು, "ಆ ಹುಡುಗಿ ಯಾರು ಮೋಳೇ?" ನಮ್ಮ ಮನೆಮಾತಿನಲ್ಲಿ ಮಗಳೇ ಎಂದು.

"ನಮ್ಮ ಶಾಲೆಯವಳು. ಹುಳ ತಂದವಳು."

"ಅಷ್ಟು ದೂರದಿಂದ ಬಂದಿದ್ದಾಳೆ. ತಿನ್ನಲಿಕ್ಕೆ ಏನಾದರೂ ಕೊಟ್ಟೆಯಾ?"

ಕೊಟ್ಟಿರಲಿಲ್ಲ. ಅಪ್ಪ ಗೇಟಿನವರೆಗೆ ಹೋಗಿ ನೋಡಿ ಬಂದರು. ಅವಳು ಅಲ್ಲಿರಲಿಲ್ಲ.

ಶ್ರೀಲತಾ ಚೆನ್ನಾಗಿ ಹೇಳಿದಳು. ನಮಗೆ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ನನ್ನದೂ ಅವಳದೂ ಫೋಟೊ ಬಂತು. ಅಪ್ಪ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದರು. ಸೋಮವಾರ ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಗುಲಾಬಿಯೂ ತಟ್ಟಿದಳು.

ಆಮೇಲೆ ಅವಳು ಕೈ ಎತ್ತಲಿಲ್ಲ. ಅದನ್ನು ಗಮನಿಸಲು ನನಗೆ ತಿಂಗಳು ಬೇಕಾಯಿತು. ಪಾಠ ಮುಗಿಸಿ "ಯಾರಿಗಾದರೂ ಏನಾದರೂ ಕೇಳಲಿಕ್ಕೆ ಉಂಟಾ?" ಎನ್ನುತ್ತಿದ್ದೆ. ಅವಳ ಬೆಂಚಿನ ಕಡೆ ನೋಡಿಯೂ ಹೇಳುತ್ತಿದ್ದೆ. ಅವಳು ಪುಸ್ತಕ ನೋಡುತ್ತಿದ್ದಳು. ಸಿಟ್ಟಿಲ್ಲ, ಮುನಿಸಿಲ್ಲ. ಎದುರು ಸಿಕ್ಕಿದರೆ ನಮಸ್ತೆ ಟೀಚರ್ ಎನ್ನುತ್ತಿದ್ದಳು. ಮುಂದಿನ ಜೂನಿನಲ್ಲಿ ನನಗೆ ಬೆಳ್ತಂಗಡಿ ಪಕ್ಕದ ಲಾಯಿಲಕ್ಕೆ ವರ್ಗವಾಯಿತು. ಹೊರಡುವ ದಿನ ಅವಳ ಹತ್ತಿರ ಮಾತಾಡಬೇಕೆಂದುಕೊಂಡಿದ್ದೆ. ಮಾತಾಡಲಿಲ್ಲ. ಹತ್ತನೆಯದರಲ್ಲಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು ಕನ್ನಡದಲ್ಲಿ ಫೇಲಾದಳು, ಮತ್ತೆ ಪರೀಕ್ಷೆ ಕಟ್ಟಲಿಲ್ಲ ಎಂದು ಯಾರೋ ಹೇಳಿದರು. ನನಗೆ ಮದುವೆಯಾಯಿತು, ಮಕ್ಕಳಾದವು. ಅಂಗಡಿಯ ಗೋಡೆಯ ಫೋಟೊ ಹಳದಿಯಾಯಿತು. ಬಂಟ್ವಾಳಕ್ಕೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಎರಡು ಸಾವಿರದ ಎಂಟರಲ್ಲಿ ಆ ಹೆಡ್‌ಮಾಸ್ಟರರ ಬೀಳ್ಕೊಡುಗೆಗೆಂದು ಶಿರ್ತಾಡಿಗೆ ಹೋದೆ. ಗುಲಾಬಿ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ ಎಂದು ಅಲ್ಲಿ ತಿಳಿಯಿತು. ಊಟಕ್ಕೆ ಕೂರದೆ ರಿಕ್ಷಾ ಹಿಡಿದು ಹೋದೆ. ಮಧ್ಯಾಹ್ನದ ಬಿಡುವಿನ ಹೊತ್ತು. ಹೆಂಗಸರು ಗೇಟಿನ ಹೊರಗೆ ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಅವಳೇ ನನ್ನನ್ನು ಗುರುತಿಸಿ ಎದ್ದು ಬಂದಳು. ಬೀಜದ ಎಣ್ಣೆಗೆ ಬೆರಳುಗಳೆಲ್ಲ ಕಪ್ಪಾಗಿ ಸುಲಿದಿದ್ದವು.

"ಟೀಚರ್! ಊಟ ಆಯಿತಾ ನಿಮ್ಮದು?"

ರಿಕ್ಷಾದಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಲಸಿಹೋದವು. "ಗುಲಾಬಿ, ಆ ವರ್ಷ ನಾನು ನಿನಗೆ ಮಾಡಿದ್ದು ತಪ್ಪು. ಅದನ್ನು ಹೇಳಲಿಕ್ಕೆ ಬಂದೆ" ಎಂದಷ್ಟೇ ಹೇಳಿದೆ.

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಎಂಥ ತಪ್ಪು ಟೀಚರ್? ನನಗೆ ಮಾತಾಡಲಿಕ್ಕೆ ಬರುವುದಿಲ್ಲ. ನೀವು ಸರಿಯೇ ಹೇಳಿದ್ದು. ಆಮೇಲೆ ನಾನು ಎಲ್ಲಿಯೂ ಮಾತಾಡಲಿಕ್ಕೆ ಹೋಗಲಿಲ್ಲ."

ಅವಳೇ ಮುಂದುವರಿಸಿದಳು.

"ಶ್ರೀಲತಾ ಎಷ್ಟು ಚಂದ ಹೇಳಿದಳು ಅಲ್ಲವಾ? ನಾನು ಕೇಳಿದ್ದೆ."

"ಎಲ್ಲಿ? ನೀನು ಮನೆಗೆ ಹೋಗಿದ್ದೆಯಲ್ಲ."

"ಇಲ್ಲ ಟೀಚರ್. ಮೇಳ ಆದ ಶಾಲೆಯ ಹಿಂದಿನಿಂದ ಹೋದರೆ ಕಿಟಕಿ ಇತ್ತು. ಅಲ್ಲಿ ನಿಂತಿದ್ದೆ, ಸಂಜೆ ಬಹುಮಾನ ಕೊಡುವವರೆಗೆ." ಸಂಕೋಚದಿಂದ ನಕ್ಕಳು. "ಎಲ್ಲ ಸರಿ ಹೇಳಿದಳು. ಒಂದು ಮಾತ್ರ ಬಿಟ್ಟಳು. ಎಮ್ಮೆ, ಹುಳ, ಮನುಷ್ಯ ಎಲ್ಲ ಹೇಳಿದಳು. ಕಾಡಿನದ್ದು ಇಲ್ಲವೇ ಇಲ್ಲ ಅಂತ ಹೇಳಲಿಲ್ಲ. ಅದೇ ಅಲ್ಲವಾ ನಮಗೆ ಸಿಕ್ಕಿದ್ದು? ನೀವು ಪಕ್ಕದಲ್ಲೇ ಇದ್ದಿರಿ, ಹೇಳಿಕೊಡ್ತೀರಿ ಅಂತ ನಾನು ನೋಡ್ತಾ ಇದ್ದೆ. ನೀವು ಸುಮ್ಮನೆ ಇದ್ದಿರಿ. ಏನಾದರೂ ಕಾರಣ ಇರಬೇಕು ಅಂತ ತಿಳ್ಕೊಂಡೆ."

ಇಷ್ಟು ವರ್ಷ ಅವಳು ನನಗಾಗಿ ಒಂದು ಕಾರಣವನ್ನು ಕಾಪಾಡಿ ಇಟ್ಟುಕೊಂಡಿದ್ದಳು. ಹೌದು, ಕಾರಣವಿತ್ತು ಎಂದುಬಿಡಬಹುದಿತ್ತು. ಅವಳ ನೆಮ್ಮದಿಗಾಗಿಯಾದರೂ.

"ಇಲ್ಲ ಗುಲಾಬಿ. ಅವಳು ಅದನ್ನು ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ನೀನು ಈಗ ಹೇಳುವವರೆಗೂ ಗೊತ್ತಿರಲಿಲ್ಲ."

ಅವಳು ನನ್ನನ್ನು ನೋಡಿದಳು. ಎಂದಿನಂತೆ, ಶಬ್ದಗಳನ್ನು ಒಳಗೇ ಜೋಡಿಸಿಕೊಳ್ಳುವಾಗ ನೋಡುತ್ತಿದ್ದ ಹಾಗೆ, ತುಂಬ ಹೊತ್ತು.

"ಹೌದಾ ಟೀಚರ್?" ಎಂದಳು.

ಒಳಗಿನಿಂದ ಗಂಟೆ ಹೊಡೆಯಿತು. ಹೆಂಗಸರು ಬುತ್ತಿ ಮುಚ್ಚಿ ಎದ್ದರು. ಅವಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ, "ಬಿಸಿಲು ಉಂಟು, ನೆರಳಿನಲ್ಲೇ ಹೋಗಿ" ಎಂದು ಹೇಳಿ ಉಳಿದವರ ಜೊತೆ ಒಳಗೆ ನಡೆದಳು. ನಾನು ಗೇಟಿನ ಹೊರಗೆ ನಿಂತಿದ್ದೆ.